ಪೊರಕೆ ಹಿಡಿದವನ ಪೇಟೆಂಟು

(ಕಾರ್ಮಿಕರ ವಾಚನಾಲಯದಲ್ಲಿ ಮಾಡಿದ ಭಾಷಣದ ಪಾಠ)



ಈ ಸಂಜೆ ನನಗೆ ಒಪ್ಪಿಸಿರುವ ವಿಷಯ ಪೇಟೆಂಟು. ಹೆಸರು ಕೇಳಿದೊಡನೆ ಹಿಂದಿನ ಸಾಲಿನಲ್ಲಿ ಕೆಲವರು ಎದ್ದು ಹೋಗುವ ಯೋಚನೆ ಮಾಡಿರಬೇಕು. ಇದು ವಕೀಲರ ಮಾತು, ಎಂಜಿನಿಯರರ ಮಾತು, ಪಾಳಿ ಮುಗಿಸಿ ದಣಿದು ಬಂದ ನಮಗೆ ಇದರಿಂದ ಆಗಬೇಕಾದ್ದೇನು ಎಂದು. ದಯವಿಟ್ಟು ಕೂತುಕೊಳ್ಳಿ. ನಾನು ಕಾನೂನಿನ ಕಲಮುಗಳನ್ನು ಓದಲು ಬಂದವನಲ್ಲ. ಕಸ ಗುಡಿಸುವುದು, ಕಾಫಿ ಸೋಸುವುದು, ಗಡ್ಡ ಹೆರೆಯುವುದು, ಗೋಡೆ ಕಟ್ಟುವುದು, ಹೊಲ ಉಳುವುದು, ಈ ಐದು ಕೆಲಸಗಳ ಮಾತು ಆಡುತ್ತೇನೆ. ಇಪ್ಪತ್ತನೆಯ ಶತಮಾನದ ಮೊದಲ ಕಾಲು ಭಾಗದಲ್ಲಿ ಈ ಕೆಲಸಗಳಿಗೆ ಹೊಸ ಉಪಾಯ ಕಂಡುಹಿಡಿದವರು ಯಾರು, ಅದರ ಹಣ ಯಾರ ಗಲ್ಲೆಗೆ ಹೋಯಿತು, ಇಷ್ಟೇ ನನ್ನ ವಿಷಯ.

ಮೊದಲು ಕಸದಿಂದ ಶುರು ಮಾಡೋಣ.

ಅಮೆರಿಕದ ಒಹಾಯೋ ಸೀಮೆಯಲ್ಲಿ ಕ್ಯಾಂಟನ್ ಎಂಬ ಊರು. ಅಲ್ಲಿ ಒಂದು ದೊಡ್ಡ ಜವಳಿ, ಸಾಮಾನಿನ ಅಂಗಡಿ. ಅದರಲ್ಲಿ ರಾತ್ರಿ ನೆಲ ಗುಡಿಸುವ ಜವಾನ ಜೇಮ್ಸ್ ಮರ್ರೆ ಸ್ಪ್ಯಾಂಗ್ಲರ್. ಹುಟ್ಟಿದ್ದು 1848ರಲ್ಲಿ. ಅಂದರೆ ನಾನು ಹೇಳುವ ಕಾಲಕ್ಕೆ ಅವನಿಗೆ ಅರವತ್ತು ಹತ್ತಿರ. ಅವನೇನು ಬುದ್ಧಿಯಿಲ್ಲದೆ ಪೊರಕೆ ಹಿಡಿದವನಲ್ಲ. ಅದಕ್ಕೆ ಇಪ್ಪತ್ತು ವರ್ಷ ಮೊದಲೇ, 1887ರಲ್ಲಿ, ಕಾಳಿನ ಕೊಯ್ಲು ಯಂತ್ರದ ಒಂದು ಸುಧಾರಣೆಗೆ ಪೇಟೆಂಟು ಪಡೆದಿದ್ದ. 1893ರಲ್ಲಿ ಹುಲ್ಲು ಬಾಚಿ ಹರಡುವ ಒಂದು ಉಪಕರಣಕ್ಕೆ ಇನ್ನೊಂದು. ಎರಡು ಕಾಗದಗಳೂ ಅವನಿಗೆ ಹೊಟ್ಟೆಗೆ ಕೊಡಲಿಲ್ಲ. ಕೊನೆಗೆ ಸಿಕ್ಕಿದ್ದು ಈ ಗುಡಿಸುವ ಚಾಕರಿ.

ಅವನಿಗೆ ಉಬ್ಬಸದ ಕಾಯಿಲೆ. ರತ್ನಗಂಬಳಿಗಳ ಧೂಳು ಎದ್ದು ಎದೆಗೆ ಹೋಗುತ್ತಿತ್ತು. ಹತ್ತಿಯ ಧೂಳು ನುಂಗುವ ಬ್ಲೋರೂಮು, ಕಾರ್ಡಿಂಗು ಖಾತೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಚಾಕರಿ ಬಿಡುವಂತಿಲ್ಲ, ಉಸಿರಾಡುವಂತಿಲ್ಲ. ಆಗ ಅವನು ಒಂದು ಹಳೆಯ ವಿದ್ಯುತ್ ಬೀಸಣಿಗೆಯ ಮೋಟಾರು ತಂದ. ಒಂದು ಪೆಟ್ಟಿಗೆಯೊಳಗೆ ಅದನ್ನು ಕೂಡಿಸಿದ. ಕೆಳಗೆ ತಿರುಗುವ ಒಂದು ಕುಂಚ. ಹಿಡಿಯಲು ಪೊರಕೆಯ ಕೋಲು. ಹೀರಿದ ಧೂಳು ಬೀಳಲು ತಲೆದಿಂಬಿನ ಗವಸು. ಕುಂಚ ಗಂಬಳಿಯ ಧೂಳನ್ನು ಕೆದಕುತ್ತದೆ, ಬೀಸಣಿಗೆ ಅದನ್ನು ಹೀರುತ್ತದೆ, ಗವಸು ಅದನ್ನು ಹಿಡಿದು ಗಾಳಿಯನ್ನು ಮಾತ್ರ ಹೊರಗೆ ಬಿಡುತ್ತದೆ. 1908ನೆಯ ಇಸವಿ ಜೂನ್ 2ರಂದು ಅವನಿಗೆ ಅಮೆರಿಕದ ಪೇಟೆಂಟು ಸಿಕ್ಕಿತು.

ಧೂಳು ಹೀರುವ ಯಂತ್ರ ಅದಕ್ಕೆ ಮೊದಲು ಇರಲಿಲ್ಲವೇ ಎಂದರೆ, ಇತ್ತು. 1901ರಲ್ಲಿ ಲಂಡನ್ನಿನ ಸೆಸಿಲ್ ಬೂತ್ ಎಂಬ ಎಂಜಿನಿಯರು ಒಂದನ್ನು ಮಾಡಿದ್ದ. ಅದು ಕುದುರೆ ಗಾಡಿಯ ಮೇಲೆ ಬರುತ್ತಿತ್ತು. ಬೀದಿಯಲ್ಲಿ ನಿಂತು, ಕಿಟಕಿಯಿಂದ ಉದ್ದನೆಯ ಕೊಳವೆಗಳನ್ನು ಒಳಗೆ ಬಿಟ್ಟು ಹೀರುತ್ತಿತ್ತು. 1902ರಲ್ಲಿ ಏಳನೆಯ ಎಡ್ವರ್ಡನ ಪಟ್ಟಾಭಿಷೇಕಕ್ಕೆ ವೆಸ್ಟ್‌ಮಿನ್‌ಸ್ಟರ್ ಅಬೆಯ ಗಂಬಳಿ ಶುಚಿ ಮಾಡಿದ ಯಂತ್ರ ಅದು. ಅರಮನೆಗೆ ಬೇಕಾದ್ದು ಎಂಜಿನಿಯರನಿಗೆ ಹೊಳೆಯಿತು. ಒಬ್ಬರೇ ಕೈಯಲ್ಲಿ ತಳ್ಳಿಕೊಂಡು ಹೋಗುವಂಥದ್ದು ಹೊಳೆದದ್ದು ಗುಡಿಸುವವನಿಗೆ.

ಸರಿ, ಕಾಗದ ಸಿಕ್ಕಿತು. ಮುಂದೆ? ಸ್ಪ್ಯಾಂಗ್ಲರ್ ಸಣ್ಣದೊಂದು ಕಂಪನಿ ಮಾಡಿದ. ಕೈಯಲ್ಲಿ ದುಡ್ಡಿಲ್ಲ. ಒಂದೊಂದೇ ಯಂತ್ರ ಕೈಯಲ್ಲಿ ಜೋಡಿಸಿ ಮಾರುವುದು ಎಷ್ಟು ದಿನ ನಡೆದೀತು? ಪರಿಚಯದ ಹೆಂಗಸೊಬ್ಬಳು ಒಂದನ್ನು ಕೊಂಡಳು. ಆಕೆಯ ಗಂಡ ವಿಲಿಯಂ ಹೆನ್ರಿ ಹೂವರ್, ಚರ್ಮದ ಸಾಮಾನಿನ ಕಾರಖಾನೆಯ ಯಜಮಾನ. ಕುದುರೆಯ ಜೀನು, ಕೊರಳಪಟ್ಟಿ ಮಾಡುವ ಕಸುಬು. ಮೋಟಾರು ಕಾರು ಬೀದಿಗೆ ಬರುತ್ತಿದೆ, ಕುದುರೆಯ ಕಾಲ ಮುಗಿಯುತ್ತಿದೆ ಎಂದು ಅವನಿಗೆ ಗೊತ್ತಾಗಿತ್ತು. ಹೊಸ ಕಸುಬು ಹುಡುಕುತ್ತಿದ್ದವನಿಗೆ ಹೆಂಡತಿ ಮನೆಗೆ ತಂದ ಯಂತ್ರ ಕಣ್ಣಿಗೆ ಬಿತ್ತು. 1908ರಲ್ಲೇ ಅವನು ಪೇಟೆಂಟು ಕೊಂಡ. ಮೊದಲ ಮಾದರಿಯ ಬೆಲೆ ಅರವತ್ತು ಡಾಲರು, ಅಲ್ಲಿಯ ಕಾರಖಾನೆ ಕೂಲಿಯವನ ಒಂದು ತಿಂಗಳ ಸಂಬಳಕ್ಕಿಂತ ಹೆಚ್ಚು. ದೊಡ್ಡ ವಾರಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು, ಹತ್ತು ದಿನ ಪುಕ್ಕಟೆ ಉಪಯೋಗಿಸಿ ನೋಡಿ ಎಂದ. ಬೇಕೆಂದು ಬರೆದವರಿಗೆ ಯಂತ್ರವನ್ನು ನೇರ ಕಳಿಸದೆ ಅವರ ಊರಿನ ಅಂಗಡಿಯವನ ಮೂಲಕ ಕಳಿಸಿದ. ಹೀಗೆ ಊರೂರಿನ ಅಂಗಡಿಕಾರ ಅವನ ಏಜೆಂಟನಾದ. ವರ್ತಕ ಮಿತ್ರರು ಈ ಉಪಾಯವನ್ನು ಮೆಚ್ಚಬಹುದು. ನಾನೂ ಮೆಚ್ಚುತ್ತೇನೆ.

ಹೂವರನನ್ನು ಖಳನಾಯಕ ಮಾಡಲು ನನಗೆ ಮನಸ್ಸಿಲ್ಲ. ಅವನು ಸ್ಪ್ಯಾಂಗ್ಲರನನ್ನು ಹೊರಗೆ ಹಾಕಲಿಲ್ಲ, ಕಾರಖಾನೆಯಲ್ಲಿ ಮೇಲ್ವಿಚಾರಕನನ್ನಾಗಿ ಇಟ್ಟುಕೊಂಡ, ರಾಯಧನ ಕೊಟ್ಟ. 1915ರಲ್ಲಿ ಸ್ಪ್ಯಾಂಗ್ಲರ್ ತೀರಿಕೊಂಡ ಮೇಲೂ ಪೇಟೆಂಟಿನ ಹದಿನೇಳು ವರ್ಷ ತುಂಬಿದ 1925ರವರೆಗೆ ಮನೆಯವರಿಗೆ ಅದು ಸಂದಿತು. ಆ ಕಾಲದ ಎಷ್ಟೋ ಶೋಧಕರಿಗಿಂತ ಇವನ ಪಾಡು ಮೇಲು. ಆದರೆ ಲೆಕ್ಕ ನೋಡಿ: ಉಬ್ಬಸ ಒಬ್ಬನದು, ಕೈಕೆಲಸ ಒಬ್ಬನದು, ಬುದ್ಧಿ ಅವನದೇ. ಹೆಸರು ಮಾತ್ರ ಜೀನುಗಾರನದು. ಇಂಗ್ಲೆಂಡಿನಲ್ಲಿ ಇವತ್ತಿಗೂ ಯಂತ್ರದಿಂದ ಕಸ ತೆಗೆಯುವುದಕ್ಕೆ ಹೂವರ್ ಮಾಡುವುದು ಎಂದೇ ಹೇಳುತ್ತಾರೆ.

ಇಲ್ಲಿ ಪೇಟೆಂಟು ಎಂದರೆ ಏನೆಂದು ಎರಡು ಮಾತು. ಇದು ಸರಕಾರ ಮತ್ತು ಶೋಧಕನ ನಡುವಿನ ಒಂದು ಕರಾರು. ನಿನ್ನ ಗುಟ್ಟನ್ನು ಚಿತ್ರ ಸಮೇತ ಎಲ್ಲರಿಗೂ ತಿಳಿಯುವಂತೆ ಬರೆದು ಕೊಡು. ಪ್ರತಿಯಾಗಿ ಇಷ್ಟು ವರ್ಷ ನಿನ್ನ ಒಪ್ಪಿಗೆಯಿಲ್ಲದೆ ಮತ್ತೊಬ್ಬ ಅದನ್ನು ಮಾಡಿ ಮಾರದಂತೆ ತಡೆಯುವ ಹಕ್ಕು ಕೊಡುತ್ತೇನೆ. ಆ ಕಾಲಕ್ಕೆ ಅಮೆರಿಕದಲ್ಲಿ ಹದಿನೇಳು ವರ್ಷ. ಅವಧಿ ಮುಗಿದ ಮೇಲೆ ಆ ವಿದ್ಯೆ ಎಲ್ಲರದು. ಕರಾರು ನ್ಯಾಯವಾದದ್ದೇ. ಸರಕಾರದ ಶುಲ್ಕವೂ ವಿಪರೀತವಿರಲಿಲ್ಲ: ಅರ್ಜಿಗೆ ಹದಿನೈದು ಡಾಲರು, ಪತ್ರ ಕೈಗೆ ಬರುವಾಗ ಇಪ್ಪತ್ತು. ಆದರೆ ಗಮನಿಸಿ, ಪೇಟೆಂಟು ತಡೆಯುವ ಹಕ್ಕು ಕೊಡುತ್ತದೆಯೇ ಹೊರತು ತಡೆಯುವ ತಾಕತ್ತು ಕೊಡುವುದಿಲ್ಲ. ಕದ್ದವನನ್ನು ಹಿಡಿದು ಕೋರ್ಟಿಗೆ ಎಳೆಯುವುದು ನಿನ್ನ ಖರ್ಚು. ಮೂವತ್ತೈದು ಡಾಲರಿನ ಕಾಗದವನ್ನು ಕಾಯಲು ಸಾವಿರಾರು ಡಾಲರು ಬೇಕು. ಹಳ್ಳಿಯಲ್ಲಿ ಜಮೀನಿನ ಪಟ್ಟಾ ಇದ್ದೂ ಕಬ್ಜಾ ಇಲ್ಲದವನ ಪಾಡು ನಿಮಗೆ ಗೊತ್ತು. ಇದೂ ಹಾಗೆಯೇ.

ಕಾಫಿಯ ವಿಷಯ ಬೇಗ ಮುಗಿಸುತ್ತೇನೆ. ಜರ್ಮನಿಯ ಡ್ರೆಸ್ಡೆನ್ ಪಟ್ಟಣದ ಗೃಹಿಣಿ ಮೆಲಿಟ್ಟಾ ಬೆಂಟ್ಸ್. ಕಾಫಿಯಲ್ಲಿ ಗಸಿ ಬರುತ್ತದೆ, ಕಹಿಯಾಗುತ್ತದೆ ಎಂದು ಬೇಸತ್ತು, ಹಿತ್ತಾಳೆಯ ಪಾತ್ರೆಯ ತಳಕ್ಕೆ ಮೊಳೆಯಿಂದ ತೂತು ಹೊಡೆದು, ಮಗನ ಶಾಲೆಯ ಪುಸ್ತಕದಿಂದ ಶಾಯಿ ಹೀರುವ ಕಾಗದ ಹರಿದು ಹಾಸಿದಳು. ಕಾಫಿ ತಿಳಿಯಾಗಿ ಇಳಿಯಿತು. ನಮ್ಮ ಹಿತ್ತಾಳೆ ಫಿಲ್ಟರಿಗೆ ಕಾಗದದ ಹಂಗಿಲ್ಲ, ಆ ಮಾತು ಬೇರೆ. 1908ರಲ್ಲಿ ಆಕೆ ಅದನ್ನು ನೋಂದಾಯಿಸಿ, ಎಪ್ಪತ್ತಮೂರು ಫೆನಿಂಗು, ಅಂದರೆ ಒಂದು ಮಾರ್ಕಿಗೂ ಕಡಿಮೆ ಬಂಡವಾಳದಿಂದ ಮನೆಯಲ್ಲೇ ಕಸುಬು ತೆರೆದಳು. ಗಂಡ, ಮಕ್ಕಳೇ ಕೆಲಸಗಾರರು. ಇಲ್ಲಿ ಒಂದು ಸಂಗತಿ ಮುಖ್ಯ. ಆಕೆಗೆ ಸಿಕ್ಕಿದ್ದು ಪೂರ್ಣ ಪೇಟೆಂಟಲ್ಲ. ಜರ್ಮನಿಯಲ್ಲಿ 1891ರಿಂದ ಚಿಕ್ಕ ಶೋಧಗಳಿಗಾಗಿ ಒಂದು ಚಿಕ್ಕ ಹಕ್ಕಿತ್ತು. ಅವಧಿ ಕಡಿಮೆ, ಖರ್ಚು ಕಡಿಮೆ, ತಕರಾರು ಕಡಿಮೆ. ಅಡಿಗೆಮನೆಯಲ್ಲಿ, ಸಣ್ಣ ಕಮ್ಮಟದಲ್ಲಿ ಹುಟ್ಟುವ ಉಪಾಯಕ್ಕೆ ಅದು ಹೇಳಿ ಮಾಡಿಸಿದ ಅಳತೆ. ನಮ್ಮ ದೇಶದಲ್ಲಿ ಅಂಥ ಚಿಕ್ಕ ಹಕ್ಕಿನ ಕಾನೂನು ಇನ್ನೂ ಬಂದಿಲ್ಲ.

ಇನ್ನು ಬ್ಲೇಡು. ಕಿಂಗ್ ಜಿಲೆಟ್ ಎಂಬಾತನ ಹೆಸರು ನಿಮ್ಮ ಅಂಗಡಿಗಳಲ್ಲಿ ತೂಗುವ ಪೊಟ್ಟಣಗಳ ಮೇಲಿದೆ. ಅವನು ಬಾಟಲಿಯ ಬೂಚು ಮಾರುವ ಸುತ್ತಾಟದ ಏಜೆಂಟನಾಗಿದ್ದವನು. ಉಪಯೋಗಿಸಿ ಎಸೆಯುವ ತೆಳು ಉಕ್ಕಿನ ಅಲಗು ಎಂಬುದು ಅವನ ಯೋಚನೆ. ಅಷ್ಟು ತೆಳುವಾದ ಉಕ್ಕನ್ನು ಹದಮಾಡಿ ಮಸೆಯುವ ವಿದ್ಯೆ ಮಾತ್ರ ನಿಕರ್ಸನ್ ಎಂಬ ಎಂಜಿನಿಯರನದು. 1903ರಲ್ಲಿ ಮಾರಾಟವಾದದ್ದು ಐವತ್ತೊಂದು ರೇಜರು, ನೂರ ಅರವತ್ತೆಂಟು ಬ್ಲೇಡು! 1904ರ ನವೆಂಬರಿನಲ್ಲಿ ಪೇಟೆಂಟು ಬಂತು, ಆಮೇಲೆ ಕೋಟಿ ಬಂತು. ತಮಾಷೆ ಕೇಳಿ. ಇದೇ ಜಿಲೆಟ್ 1894ರಲ್ಲಿ ಒಂದು ಪುಸ್ತಕ ಬರೆದು, ವ್ಯಾಪಾರದ ಪೈಪೋಟಿಯೇ ಎಲ್ಲ ಕೇಡಿನ ಬೇರು, ಜನರೆಲ್ಲ ಒಡೆಯರಾದ ಒಂದೇ ಮಹಾ ಸಂಸ್ಥೆ ಎಲ್ಲವನ್ನೂ ಉತ್ಪಾದಿಸಲಿ, ನಯಾಗರಾ ಜಲಪಾತದ ಬಳಿ ಒಂದು ಮಹಾನಗರ ಕಟ್ಟಿ ಎಲ್ಲರೂ ಅಲ್ಲಿರೋಣ ಎಂದು ವಾದಿಸಿದ್ದ. ಸಮಾಜವಾದ ಅಚ್ಚಾಯಿತು, ಬ್ಲೇಡು ಮಾರಾಟವಾಯಿತು.

ಈಗ ಮನೆ. ಇದರ ಮೇಲೆ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ, ಏಕೆಂದರೆ ಬಾಡಿಗೆ ಕೊಡದವರು ಈ ಸಭೆಯಲ್ಲಿ ಕಡಿಮೆ.

ಥಾಮಸ್ ಎಡಿಸನ್ ಗೊತ್ತಲ್ಲ, ವಿದ್ಯುದ್ದೀಪ ಬೆಳಗಿಸಿದ, ಗ್ರಾಮಫೋನು ಮಾತಾಡಿಸಿದ ಮಹಾಶಯ. ಅವನು ಕಬ್ಬಿಣದ ಅದಿರನ್ನು ಪುಡಿಮಾಡಿ ಬೇರ್ಪಡಿಸುವ ಒಂದು ದೊಡ್ಡ ಸಾಹಸದಲ್ಲಿ ಕೈಸುಟ್ಟುಕೊಂಡಿದ್ದ. ಉಳಿದ ಯಂತ್ರಗಳನ್ನೂ ಅನುಭವವನ್ನೂ ಸಿಮೆಂಟಿಗೆ ತಿರುಗಿಸಿ ನ್ಯೂಜೆರ್ಸಿಯಲ್ಲಿ ಸಿಮೆಂಟು ಕಾರಖಾನೆ ಹಾಕಿದ. ಅವನ ತಿರುಗುವ ಭಟ್ಟಿ ನೂರೈವತ್ತು ಅಡಿ ಉದ್ದ. ಸಿಮೆಂಟು ರಾಶಿಯಾಗಿ ಬಿತ್ತು. ಅದನ್ನು ಖರ್ಚು ಮಾಡುವ ದಾರಿ ಬೇಕಾಯಿತು. 1906ರಲ್ಲಿ ಅವನು ಘೋಷಿಸಿದ: ಕೂಲಿಗಾರನಿಗೆ ಕಾಂಕ್ರೀಟಿನ ಮನೆ, ಒಂದೇ ಎರಕದಲ್ಲಿ! ತಳದಿಂದ ಸೂರಿನವರೆಗೆ ಎರಕದ ಕಬ್ಬಿಣದ ಅಚ್ಚು ನಿಲ್ಲಿಸುವುದು, ಮೇಲಿನಿಂದ ತೆಳುವಾದ ಕಾಂಕ್ರೀಟು ಸುರಿಯುವುದು, ಕೆಲವೇ ಗಂಟೆಗಳಲ್ಲಿ ಸುರಿದು ಮುಗಿಯಬೇಕು, ಕೆಲವು ದಿನಕ್ಕೆ ಗಟ್ಟಿಯಾದ ಮೇಲೆ ಅಚ್ಚು ಬಿಚ್ಚುವುದು. ಗೋಡೆ, ಮೆಟ್ಟಿಲು, ಸ್ನಾನದ ತೊಟ್ಟಿ, ಎಲ್ಲ ಒಂದೇ ತುಂಡು. ಬೆಲೆ ಸಾವಿರದ ಇನ್ನೂರು ಡಾಲರು. ಬೆಂಕಿಯಿಲ್ಲ, ಗೆದ್ದಲಿಲ್ಲ. 1908ರ ಆಗಸ್ಟಿನಲ್ಲಿ ಅರ್ಜಿ ಹಾಕಿದ, 1917ರ ಮಾರ್ಚಿ 13ಕ್ಕೆ ಪೇಟೆಂಟು ಬಂತು. ನಡುವೆ, ಮನೆ ಸಾಲದೆಂದು ಕಾಂಕ್ರೀಟಿನ ಪೀಠೋಪಕರಣ, ಕಾಂಕ್ರೀಟಿನ ಗ್ರಾಮಫೋನು ಪೆಟ್ಟಿಗೆ ಕೂಡ ಮಾಡಿಸಿದ. ಮನೆ ಬದಲಾಯಿಸುವ ದಿನ ಅದನ್ನು ಹೊರುವ ಹಮಾಲನ ಗತಿ ನೆನೆಸಿಕೊಳ್ಳಿ.

ಆ ಮನೆಗಳು ಎದ್ದವೇ? ಬೆರಳೆಣಿಕೆಯಷ್ಟು. 1917ರಲ್ಲಿ ನ್ಯೂಜೆರ್ಸಿಯ ಯೂನಿಯನ್ ಎಂಬಲ್ಲಿ ಹನ್ನೊಂದು ಮನೆಗಳ ಒಂದು ಸಾಲು ಎದ್ದಿತು. ಕಾರಣ ಸರಳ. ಮನೆ ಅಗ್ಗ, ಅಚ್ಚು ತುಟ್ಟಿ. ಒಂದು ಮನೆಯ ಅಚ್ಚಿಗೆ ಎರಡು ಸಾವಿರಕ್ಕೂ ಮಿಕ್ಕ ತುಂಡುಗಳು. ಅಚ್ಚಿನ ಖರ್ಚು ಹೊರಬೇಕಾದರೆ ನೂರಾರು ಮನೆ ಒಂದೇ ಕಡೆ ಕಟ್ಟಬೇಕು. ನೂರಾರು ಮನೆ ಒಮ್ಮೆಗೆ ಕಟ್ಟುವ ತಾಕತ್ತಿದ್ದವನಿಗೆ ಬಡವನ ಮನೆ ಕಟ್ಟುವ ತುರ್ತು ಇರಲಿಲ್ಲ. ತುರ್ತು ಇದ್ದವನಲ್ಲಿ ಅಚ್ಚಿನ ದುಡ್ಡಿರಲಿಲ್ಲ. ಅದೇ ಕಾಲದಲ್ಲಿ ಒಂದು ಪುರಸಭೆಯೋ ಸರಕಾರವೋ ಅಚ್ಚನ್ನು ತಾನು ಕೊಂಡು ಊರಿನಿಂದೂರಿಗೆ ಸಾಗಿಸಿದ್ದರೆ ಕತೆ ಬೇರೆಯಾಗುತ್ತಿತ್ತು ಎಂದು ನನ್ನ ಅಭಿಪ್ರಾಯ. ಒಪ್ಪದವರು ಕೊನೆಯಲ್ಲಿ ಕೇಳಬಹುದು.

ಇದರ ಪಕ್ಕದಲ್ಲೇ ಇನ್ನೊಂದು, ಸದ್ದಿಲ್ಲದ ಶೋಧ ಇಡುತ್ತೇನೆ. ಹಾರ್ಮನ್ ಪಾಮರ್ ಎಂಬವನು 1900ರ ಸುಮಾರಿಗೆ, ಒಳಗೆ ಪೊಳ್ಳಿರುವ ಸಿಮೆಂಟು ಇಟ್ಟಿಗೆ ಅಚ್ಚೊತ್ತುವ ಒಂದು ಕೈಯಂತ್ರಕ್ಕೆ ಪೇಟೆಂಟು ಪಡೆದ. ಎರಕದ ಕಬ್ಬಿಣದ ಪೆಟ್ಟಿಗೆ, ಹೊರಗೆ ಎಳೆಯಬಹುದಾದ ತಿರುಳು, ಹೊಂದಿಸಬಹುದಾದ ಪಕ್ಕಗಳು. ಒಬ್ಬಿಬ್ಬರು, ಮರಳು, ಸಿಮೆಂಟು, ನೀರು, ಇಷ್ಟಿದ್ದರೆ ಕಸುಬು ತೆರೆಯಬಹುದು. ಅದನ್ನು ಹೋಲುವ ಯಂತ್ರಗಳನ್ನು ನೂರಾರು ಜನ ಮಾಡಿದರು. ಅವನು ಕೋರ್ಟಿಗೆ ಅಲೆದ. ಎಡಿಸನ್ನನ ಮನೆ ಪುಸ್ತಕದಲ್ಲಿ ಉಳಿಯಿತು, ಪಾಮರನ ಇಟ್ಟಿಗೆ ಲೋಕವನ್ನೆಲ್ಲ ತುಂಬಿತು. ನಮ್ಮ ಊರಿನ ಹೊರವಲಯಕ್ಕೆ ಹೋಗಿ, ರಸ್ತೆಯ ಪಕ್ಕ ಹಾಲೋ ಬ್ಲಾಕುಗಳನ್ನು ಸಾಲಾಗಿ ಒಣಗಿಸಿ ನೀರು ಹೊಡೆಯುತ್ತಿರುತ್ತಾರೆ. ಆ ಯಂತ್ರದ ಮುತ್ತಜ್ಜ ಇದು.

ಹೊಲಕ್ಕೆ ಬರೋಣ. ಐರ್ಲೆಂಡಿನ ರೈತನ ಮಗ ಹ್ಯಾರಿ ಫರ್ಗುಸನ್. ಆಗಿನ ಟ್ರಾಕ್ಟರುಗಳು ನೇಗಿಲನ್ನು ಬಂಡಿಯ ಹಾಗೆ ಹಿಂದೆ ಎಳೆಯುತ್ತಿದ್ದವು. ನೇಗಿಲು ನೆಲದೊಳಗಿನ ಬಂಡೆಗೆ ಸಿಕ್ಕಿತೋ, ಚಕ್ರ ತಿರುಗುತ್ತಲೇ ಇದ್ದು, ಟ್ರಾಕ್ಟರಿನ ಮೂತಿ ಮೇಲೆದ್ದು ಹಿಂದಕ್ಕೆ ಮಗುಚಿ ಓಡಿಸುವವನ ಮೇಲೆ ಬೀಳುತ್ತಿತ್ತು. ಸತ್ತವರು ಅನೇಕರು. ಫರ್ಗುಸನ್ ನೇಗಿಲನ್ನು ಮೂರು ಕೊಂಡಿಗಳಿಂದ ಟ್ರಾಕ್ಟರಿಗೇ ಸೇರಿಸಿದ, ಕೆಳಗೆ ಎರಡು, ಮೇಲೆ ಒಂದು. ಎಳೆತದ ಭಾರ ಹೆಚ್ಚಾದರೆ ಎಣ್ಣೆಯ ಒತ್ತಡದ ಪಂಪು ನೇಗಿಲನ್ನು ತಾನಾಗಿ ಸ್ವಲ್ಪ ಎತ್ತುತ್ತದೆ. ಮೇಲಿನ ಕೊಂಡಿ ಟ್ರಾಕ್ಟರನ್ನು ಮುಂದಕ್ಕೆ ಒತ್ತಿ ಹಿಡಿಯುತ್ತದೆ. ಹಗುರ ಟ್ರಾಕ್ಟರೂ ಭಾರದ ಕೆಲಸ ಮಾಡಿತು, ಮಗುಚುವ ಭಯವೂ ತಗ್ಗಿತು. 1925ರಲ್ಲಿ ಬ್ರಿಟಿಷ್ ಪೇಟೆಂಟಿಗೆ ಅರ್ಜಿ ಹಾಕಿದ.

1938ರಲ್ಲಿ ಅಮೆರಿಕಕ್ಕೆ ಹೋಗಿ ಹೆನ್ರಿ ಫೋರ್ಡನಿಗೆ ತೋರಿಸಿದ. ಇಬ್ಬರೂ ಕೈಕುಲುಕಿದರು. ಅಷ್ಟೇ ಒಪ್ಪಂದ, ಕಾಗದವಿಲ್ಲ! ಮೂರು ಲಕ್ಷಕ್ಕೂ ಮೇಲೆ ಟ್ರಾಕ್ಟರು ತಯಾರಾದವು. ಮುದುಕ ಹೋದ ಮೇಲೆ ಮೊಮ್ಮಗ ಬಂದು, ಕೈಕುಲುಕಿದ್ದು ನನಗೆ ಸಂಬಂಧವಿಲ್ಲ ಎಂದ. 1948ರಲ್ಲಿ ದಾವೆ. ಕೇಳಿದ್ದು ಇಪ್ಪತ್ತೈದು ಕೋಟಿ ಡಾಲರು. 1952ರಲ್ಲಿ ರಾಜಿಯಾಗಿ ಸಿಕ್ಕಿದ್ದು ತೊಂಬತ್ತೆರಡೂವರೆ ಲಕ್ಷ. ಕೋರ್ಟು ಹತ್ತಲು ಶಕ್ತಿಯಿದ್ದ ಫರ್ಗುಸನ್ನನ ಗತಿ ಇದಾದರೆ ಕ್ಯಾಂಟನ್ನಿನ ಜವಾನ ಏನು ಮಾಡಬೇಕಿತ್ತು? ಇವತ್ತು ನಮ್ಮ ಸೀಮೆಯ ಹೊಲದಲ್ಲಿ ಓಡುವ ಯಾವ ಟ್ರಾಕ್ಟರಿನ ಹಿಂಬದಿಗೆ ಹೋಗಿ ನೋಡಿದರೂ ಆ ಮೂರು ಕೊಂಡಿಗಳು ಕಾಣುತ್ತವೆ.

ಗಿರಣಿಯವರು ಸಾಂಚೆಯ ಮಾತು ಬರಲಿಲ್ಲ ಎನ್ನಬಾರದು. ಜಪಾನಿನ ಬಡಗಿಯ ಮಗ ಸಕಿಚಿ ಟೊಯೊಡಾ, ತಾಯಿ ಮಗ್ಗದ ಮುಂದೆ ಬೆನ್ನು ಬಗ್ಗಿಸಿ ನೇಯುವುದನ್ನು ನೋಡಿ ಬೆಳೆದವನು. 1924ರ ಅವನ ಮಗ್ಗ ನೂಲು ಕಡಿದರೆ ತಾನೇ ನಿಲ್ಲುತ್ತಿತ್ತು, ಹೊಕ್ಕಿನ ನೂಲು ತೀರಿದರೆ ಓಡುತ್ತಲೇ ಲಾಳಿ ಬದಲಾಯಿಸುತ್ತಿತ್ತು. 1929ರಲ್ಲಿ ಅದರ ಹಕ್ಕನ್ನು ಇಂಗ್ಲೆಂಡಿನ ಪ್ಲಾಟ್ ಬ್ರದರ್ಸ್ ಒಂದು ಲಕ್ಷ ಪೌಂಡಿಗೆ ಕೊಂಡರು. ಅವನ ಮಗ ಕಾರು ಕಟ್ಟಲು ಹೊರಟ. ಆ ಮನೆತನದ ಕಾರು ಈಗ ನಮ್ಮ ಬಿಡದಿಯಲ್ಲಿ ತಯಾರಾಗುತ್ತದೆ. ತಾಯಿಯ ಬೆನ್ನು ನೋಯದಿರಲೆಂದು ಹುಟ್ಟಿದ ಮಗ್ಗ ಅದು. ಗಿರಣಿಗೆ ಬಂದಾಗ ಒಬ್ಬರಿಗೆ ಮೂವತ್ತರ ಮೇಲೆ ಸಾಂಚೆ ಎಂಬ ಲೆಕ್ಕವಾಯಿತು. ಶೋಧಕನ ಉದ್ದೇಶ ಒಂದು, ಕೊಂಡವನ ಉದ್ದೇಶ ಇನ್ನೊಂದು.

ನಮ್ಮ ದೇಶದ ಕತೆಯೂ ಇಂಥದೇ ತಮಾಷೆಯಿಂದ ಶುರುವಾಗುತ್ತದೆ. 1856ರಲ್ಲಿ ಇಂಡಿಯದ ಮೊದಲ ಪೇಟೆಂಟು ಕಾನೂನು ಬಂದಾಗ ಮೊದಲ ಅರ್ಜಿ ಕಲಕತ್ತೆಯ ಡಿಪೆನಿಂಗ್ ಎಂಬ ಎಂಜಿನಿಯರನದು. ಯಾವುದಕ್ಕೆ? ಪಂಖಾ ಎಳೆಯುವ ಯಂತ್ರಕ್ಕೆ! ದೊರೆಯ ತಲೆಯ ಮೇಲೆ ಗಾಳಿ ಆಡಿಸುವ ಕೂಲಿಯ ಬದಲು ಯಂತ್ರ. 1911ರ ಕಾನೂನು ಸ್ವಾತಂತ್ರ್ಯದ ನಂತರವೂ ನಡೆಯಿತು. 1959ರಲ್ಲಿ ನ್ಯಾಯಮೂರ್ತಿ ರಾಜಗೋಪಾಲ ಅಯ್ಯಂಗಾರರು ವರದಿ ಕೊಟ್ಟಾಗ, ಇಲ್ಲಿಯ ಪೇಟೆಂಟುಗಳಲ್ಲಿ ಬಹುಪಾಲು ಹೊರದೇಶದವರವು, ಅವುಗಳಲ್ಲಿ ಹೆಚ್ಚಿನವನ್ನು ಅವರು ಇಲ್ಲಿ ಬಳಕೆಗೇ ತಂದಿಲ್ಲ ಎಂದು ಹೊರಬಿತ್ತು. ತಾವೂ ಮಾಡುವುದಿಲ್ಲ, ನಮ್ಮವರನ್ನೂ ಮಾಡಗೊಡುವುದಿಲ್ಲ. ಅದರಿಂದ 1970ರ ಕಾನೂನು ಹುಟ್ಟಿತು, ಔಷಧ ಅಗ್ಗವಾಯಿತು. 2005ರ ತಿದ್ದುಪಡಿಯಿಂದ ಔಷಧದ ವಸ್ತುವಿಗೇ ಮತ್ತೆ ಪೇಟೆಂಟು ಬಂತು. ಅದು ಇನ್ನೊಂದು ದಿನದ ಭಾಷಣ.

ಇಷ್ಟೆಲ್ಲ ಹೇಳಿದ್ದು ಏಕೆಂದರೆ ನಮ್ಮಲ್ಲೂ ಫಿಟರು ಒಂದು ಕೊಕ್ಕೆ ಬಗ್ಗಿಸಿ ನೂಲು ಕಡಿಯುವುದನ್ನು ನಿಲ್ಲಿಸುತ್ತಾನೆ. ವೆಲ್ಡಿಂಗಿನವನು ಎಡೆಕುಂಟೆಗೆ ಒಂದು ಚಕ್ರ ಹಾಕಿ ಹೊಸದೊಂದು ಮಾಡುತ್ತಾನೆ. ಅವರಿಗೆ ನಾಲ್ಕು ಕಿವಿಮಾತು.

ಅರ್ಜಿ ಹಾಕುವ ಮೊದಲು ಪ್ರದರ್ಶನಕ್ಕಿಡಬೇಡಿ, ಪತ್ರಿಕೆಯವರಿಗೆ ಹೇಳಬೇಡಿ, ನಮ್ಮ ಈ ಪತ್ರಿಕೆಗೂ ಸಹ. ಬಿಸಿ ಚಹಾ ತರುವ ಥರ್ಮಸ್ ಫ್ಲಾಸ್ಕು ಇದೆಯಲ್ಲ, ಅದರ ಮೂಲ 1892ರಲ್ಲಿ ಲಂಡನ್ನಿನ ವಿಜ್ಞಾನಿ ಡ್ಯೂವರ್ ಮಾಡಿದ ಜೋಡಿಗೋಡೆಯ ಗಾಜಿನ ಪಾತ್ರೆ. ಅವನು ಪೇಟೆಂಟು ಮಾಡಿಸಲಿಲ್ಲ. ಬರ್ಲಿನ್ನಿನ ಗಾಜುಗಾರ ಬುರ್ಗರ್ ಅದಕ್ಕೆ ಲೋಹದ ಕವಚ ತೊಡಿಸಿ 1903ರಲ್ಲಿ ಹಕ್ಕು ಪಡೆದ, ಕಂಪನಿ ಹುಟ್ಟಿತು. ಡ್ಯೂವರ್ ಕೋರ್ಟಿಗೆ ಹೋಗಿ ಸೋತ.

ಕೆಲಸಕ್ಕೆ ಸೇರುವಾಗ ಸಹಿ ಹಾಕುವ ಕಾಗದವನ್ನು ಓದಿಸಿಕೊಂಡು ಸಹಿ ಹಾಕಿ. ನೌಕರ ಕಂಡುಹಿಡಿದದ್ದೆಲ್ಲ ಕಂಪನಿಯದು ಎಂಬ ಸಾಲು ಅದರಲ್ಲಿ ಇರಬಹುದು. ಜರ್ಮನಿಯಲ್ಲಿ 1957ರಿಂದ, ನೌಕರನ ಶೋಧವನ್ನು ಯಜಮಾನ ತೆಗೆದುಕೊಂಡರೆ ತಕ್ಕ ಪ್ರತಿಫಲ ಕೊಡಲೇಬೇಕೆಂದು ಪ್ರತ್ಯೇಕ ಕಾನೂನಿದೆ. ನಮ್ಮ ಪೇಟೆಂಟು ಕಾನೂನಿನಲ್ಲಿ ಅಂಥ ಕಲಮು ಇಲ್ಲ. ಕರಾರಿನಲ್ಲಿ ಏನಿದೆಯೋ ಅದೇ. ಸಂಘದವರು ಮುಂದಿನ ಬೇಡಿಕೆ ಪಟ್ಟಿ ಬರೆಯುವಾಗ ಇದಕ್ಕೊಂದು ಸಾಲು ಇಡಲಿ.

ಮಾರುವುದಾದರೆ ಒಟ್ಟು ಹಣಕ್ಕೆ ಮಾರಿ ಕೈತೊಳೆಯಬೇಡಿ, ಒಂದೊಂದು ಯಂತ್ರಕ್ಕೆ ಇಷ್ಟೆಂದು ಬರೆಸಿಕೊಳ್ಳಿ, ಸ್ಪ್ಯಾಂಗ್ಲರನ ಮನೆಯವರು ಹತ್ತು ವರ್ಷ ಉಂಡದ್ದು ಅದರಿಂದಲೇ. ಕೈಕುಲುಕಿ ಬರಬೇಡಿ, ಫೋರ್ಡನ ಮೊಮ್ಮಕ್ಕಳು ಎಲ್ಲ ಊರಲ್ಲೂ ಇರುತ್ತಾರೆ.

ಕೊನೆಯದು ಅರ್ಜಿಯ ವಿಷಯ. ಕರ್ನಾಟಕದವರ ಅರ್ಜಿ ಚೆನ್ನೈಯ ಪೇಟೆಂಟು ಕಚೇರಿಗೆ ಹೋಗುತ್ತದೆ. ಒಂಟಿ ಮನುಷ್ಯನಿಗೆ ದೊಡ್ಡ ಕಂಪನಿಗಿಂತ ಶುಲ್ಕ ಕಡಿಮೆ. ಪೂರ್ಣ ವಿವರ ಸಿದ್ಧವಿಲ್ಲದಿದ್ದರೆ ಮೊದಲು ತಾತ್ಕಾಲಿಕ ವಿವರ ಕೊಟ್ಟು ತಾರೀಖು ಹಿಡಿದುಕೊಳ್ಳಬಹುದು, ಹನ್ನೆರಡು ತಿಂಗಳೊಳಗೆ ಪೂರ್ಣ ವಿವರ ಕೊಡಬೇಕು. ತಪ್ಪಿದರೆ ಅರ್ಜಿ ಬಿದ್ದುಹೋಗುತ್ತದೆ. ಪರೀಕ್ಷೆಗೆ ಬೇರೆ ಅರ್ಜಿ, ಬೇರೆ ಶುಲ್ಕ. ಹಕ್ಕು ಬಂದ ಮೇಲೆ ವರ್ಷ ವರ್ಷವೂ ನವೀಕರಣ. ಹಕ್ಕಿನ ಅವಧಿ ಅರ್ಜಿಯ ದಿನದಿಂದ ಇಪ್ಪತ್ತು ವರ್ಷ. ಚಿತ್ರ ಬರೆಯಲು ಬಾರದವರು, ಐ.ಟಿ.ಐ.ಯಲ್ಲಿ ನಕ್ಷೆ ಕಲಿತ ಹುಡುಗರು ಇಲ್ಲೇ ಇಬ್ಬರು ಕುಳಿತಿದ್ದಾರೆ, ಸಭೆ ಮುಗಿದ ಮೇಲೆ ಅವರನ್ನು ಕಾಣಿ. ಆದರೆ ಬಾಗಿಲ ಹೊರಗೆ ಕರೆದುಕೊಂಡು ಹೋಗಿ ತೋರಿಸಿ.